ಲೇಟು ಮಾಸ್ತರು

"ದಿವಂಗತ ಅಂತ ಬರೆದ್ರೆ ಏಣಿ ಎಳೆದುಬಿಡ್ತೀನಿ ನೋಡು," ಎಂದಳು ಟೈಲರ್ ಮಾಸ್ತರರ ಹೆಂಡತಿ. ಏಣಿಯ ಮೇಲಿದ್ದ ಬೋರ್ಡು ಬರೆಯುವವನ ಕುಂಚ, ಮಾಸ್ತರರ ಹೆಸರಿಗೆ ಮುಂಚೆ ಬಿಟ್ಟಿದ್ದ ಖಾಲಿ ಜಾಗದ ಎದುರು ಹಾಗೇ ನಿಂತಿತು.

ಮಗಳು ಕತ್ತರಿ ಹಿಡಿದೇ ಹೊರಗೆ ಬಂದಳು. "ಅಮ್ಮಾ, ಅಪ್ಪ ಹೋಗಿ ಮೂರು ತಿಂಗಳಾಯ್ತು. ಗಿರಾಕಿಗಳು ಇನ್ನೂ ಅವರನ್ನೇ ಕೇಳ್ಕೊಂಡು ಬರ್ತಾರೆ. ಎಷ್ಟು ಜನಕ್ಕೆ ಅಂತ ನನ್ನ ಬಾಯಲ್ಲೇ ಹೇಳ್ಲಿ?" ತಾಯಿ ಎದೆಗವಚಿಕೊಂಡಿದ್ದ ತನ್ನ ಕೋಟನ್ನು ಸವರಿದಳು. "ನಾಳೆ ಕೊಡ್ತೀನಿ ಕಣೇ" ಎನ್ನುತ್ತಲೇ ಮಾಸ್ತರರು ಒಂದೇ ತೋಳು ಹೊಲಿದು ಉಳಿಸಿಹೋದ ಕೋಟು ಅದು. ಇನ್ನೊಂದು ತೋಳು ಹೊಲಿಯಲು ಅವಳು ಯಾರಿಗೂ ಬಿಟ್ಟಿರಲಿಲ್ಲ.

"ಹಾಗಾದ್ರೆ ಇಂಗ್ಲಿಷಲ್ಲಿ 'ಲೇಟ್' ಅಂತ ಹಾಕ್ಲಾ ಅಕ್ಕಾ?" ಎಂದು ಬೋರ್ಡಿನವನು ಮೆಲ್ಲಗೆ ಕೇಳಿದ. ಅವಳು ಅವನನ್ನೇ ದಿಟ್ಟಿಸಿ, ಮೂರು ತಿಂಗಳಲ್ಲಿ ಮೊದಲ ಸಲ ನಕ್ಕುಬಿಟ್ಟಳು. "ಅದು ಇಡೀ ಬೀದಿಗೇ ಗೊತ್ತಲ್ಲಪ್ಪ! ಮದುವೆ ದಿನ ನನ್ನನ್ನ ಕಾಯಿಸಿ, ತನ್ನ ಕೋಟಿಗೆ ಗುಂಡಿ ಹಾಕ್ತಾ ಕೂತಿದ್ದ ಪುಣ್ಯಾತ್ಮ. ದೇವರು ಕರೆದಾಗ ಒಂದೇ ನೋಡು, ಹೇಳಿದ ಟೈಮಿಗಿಂತ ಮುಂಚೆ ಹೊರಟಿದ್ದು."

"ಅಮ್ಮಾ, ಆ ಪದಕ್ಕೆ ಇನ್ನೊಂದು ಅರ್ಥ..." ಎಂದು ಮಗಳು ತಡವರಿಸಿದಳು.

"ಗೊತ್ತು ಬಿಡೇ. ಆ ಅರ್ಥ ನಿನ್ನ ಗಿರಾಕಿಗಳಿಗಿರ್ಲಿ, ಹಳೇದು ನಂಗಿರ್ಲಿ." ಕೋಟನ್ನು ಮಗಳ ತೋಳಿಗೆ ಹಾಕಿದಳು. "ಇನ್ನೊಂದು ತೋಳು ನೀನೇ ಹೊಲಿ. ಅವಸರ ಏನಿಲ್ಲ." ಆಮೇಲೆ ಎರಡೂ ಕೈಗಳಿಂದ ಏಣಿಯನ್ನು ಭದ್ರವಾಗಿ ಹಿಡಿದುಕೊಂಡು ನಿಂತಳು.