ಉದ್ದ ತೋಳು

ಲೈಟ್‌ಹೌಸಿನ ಕಾವಲುಗಾರ ತಲೆ ಬಾಚಿಕೊಂಡು ಮೇಲ್ತುದಿಯ ಕಂಬಿಗೆ ಒರಗಿ ನಿಂತಾಗ, ಬೆನ್ನಿಗೆ ಕ್ಯಾಮೆರಾ ಕಟ್ಟಿಕೊಂಡು ಮುನ್ನೂರು ಮೆಟ್ಟಿಲು ಹತ್ತಿ ಬಂದಿದ್ದ ಮ್ಯಾಪಿನವನಿಗೆ ನಿಜ ಹೇಳದೆ ಗತಿಯಿರಲಿಲ್ಲ. “ಅಣ್ಣಾ, ಈ ಫೋಟೋಗಳನ್ನ ಇಂಟರ್ನೆಟ್ ಮ್ಯಾಪಿಗೆ ಹಾಕುವಾಗ ಎಲ್ಲರ ಮುಖಾನೂ ಮಸುಕು ಮಾಡ್ತಾರೆ. ಅದು ನಿಯಮ.”

ಬಾಚಣಿಗೆ ಕಾವಲುಗಾರನ ಕೈಯಲ್ಲೇ ಉಳಿಯಿತು. “ತಂಗಿ ನೋಡ್ಲಿ ಅಂತಿದ್ದೆ. ಅವಳು ನಂಗೇಂತ ಸ್ವೆಟರ್ ಹೆಣೆದಿದ್ಲು, ಒಂದು ತೋಳು ಗೇಣುದ್ದ ಜಾಸ್ತಿ. ಎಲ್ಲರೆದುರು ನಕ್ಕುಬಿಟ್ಟೆ. ನಾಲ್ಕು ವರ್ಷದಿಂದ ನನ್ನ ಫೋನೂ ಎತ್ತಲ್ಲ. ಆದ್ರೆ ಕೂತಲ್ಲೇ ಮ್ಯಾಪಲ್ಲಿ ಊರೂರು ಸುತ್ತೋ ಹುಚ್ಚು ಅವಳಿಗೆ.”

“ನಾನೇನು ಮಾಡ್ಲಿ ಅಣ್ಣಾ,” ಎಂದ ಮ್ಯಾಪಿನವನು, ತಪ್ಪು ತನ್ನದೇ ಎಂಬಂತೆ.

ಕಾವಲುಗಾರ ಬಾಚಣಿಗೆ ಜೇಬಿಗಿಟ್ಟು ಒಳಗೆ ಹೋದ. ಹೊರಬಂದಾಗ ಆ ಉರಿಬಿಸಿಲಲ್ಲಿ ಹಸಿರು ಸ್ವೆಟರ್ ತೊಟ್ಟಿದ್ದ. ಬಲತೋಳು ಬೆರಳುಗಳನ್ನೆಲ್ಲ ನುಂಗಿ ಜೋತಾಡುತ್ತಿತ್ತು.

“ತೋಳು ಮಡಚ್ಕೊಳ್ಳಿ ಅಣ್ಣಾ, ನೋಡಿದವರು ನಗ್ತಾರೆ.”

“ನಗ್ಲಿ ಬಿಡಪ್ಪ, ಅವತ್ತು ನಾನು ನಗಲಿಲ್ವಾ,” ಎಂದ ಕಾವಲುಗಾರ. ತೋಳನ್ನು ಇನ್ನಷ್ಟು ಕೆಳಗೆಳೆದು, ಆ ಕೈಯನ್ನು ಕಂಬಿಯ ಮೇಲೆ ಎಲ್ಲರಿಗೂ ಕಾಣುವಂತೆ ಚಾಚಿ ನಿಂತ. “ನೀನು ನಿಧಾನಕ್ಕೆ ಒಂದು ಸುತ್ತು ಬಾ.”