ವಾಲ್ವ್ ಪೆಟ್ಟಿಗೆ

"ಹೆಂಚಿನ ಹಾಗೆ ಕಾಯೋ ಈ ಹಳೇ ಡಬ್ಬ ವೇದಿಕೆ ಮೇಲಿದ್ರೆ, ನಾಳೆಯಿಂದ ನೀನೂ ಬರಬೇಡ," ಎಂದರು ರಂಗಮಂದಿರದ ಕಾರ್ಯದರ್ಶಿ.

ಮೈಕ್‌ಸೆಟ್ಟಿನ ತಿಪ್ಪಯ್ಯ ಡಬ್ಬಕ್ಕೆ ಅಡ್ಡ ನಿಂತ. ಹಳೆಯ ಆಂಪ್ಲಿಫೈಯರಿನಿಂದ ಬಿಚ್ಚಿ ತೆಗೆದ ಆ ಪೆಟ್ಟಿಗೆಯೇ, ಬಲ್ಬಿನಂಥ ಗಾಜಿನ ವಾಲ್ವುಗಳಿಂದ, ಮೂವತ್ತು ವರ್ಷಗಳಿಂದ ವೇದಿಕೆಯ ದನಿಗೆ ಬಲ ತುಂಬಿ, ಉದ್ದನೆಯ ತಂತಿಯಗುಂಟ ಸಭಾಂಗಣದ ಹಿಂಬದಿಯ ಮಿಕ್ಸರಿಗೆ ಕಳಿಸುತ್ತಿತ್ತು.

"ಇದರ ನಾದ ಹೊಸ ಮಿಷನ್ನಿಗೆ ಎಲ್ಲಿಂದ ಬರ್ಬೇಕು ಸ್ವಾಮಿ? ಕಿವಿ ಇರೋರನ್ನ ಕೇಳಿ."

"ಕೇಳೇಬಿಡೋಣ. ಓಬಳಯ್ಯನೋರೇ, ಇದು ಇರ್ಬೇಕೋ, ಗುಜರಿಗೆ ಹೋಗ್ಬೇಕೋ?"

ಓಬಳಯ್ಯ ಆ ದಿನ ನುಡಿಸಬೇಕಿದ್ದ ಹಿರಿಯ ತಮಟೆ ವಾದಕರು. ಅವರು ಪೆಟ್ಟಿಗೆಯತ್ತ ಬಾಗಿ, ಕಣ್ಣುಮುಚ್ಚಿ, ಅದರ ಮೇಲೆ ನಿಧಾನವಾಗಿ ಅಂಗೈಯಾಡಿಸಿದರು.

"ಇದನ್ನ ತೆಗೆದ್ರೆ ನಾನು ತಮಟೆ ಮುಟ್ಟಲ್ಲ!"

ತಿಪ್ಪಯ್ಯನ ಕಣ್ಣು ತುಂಬಿ ಬಂತು.

"ಇದರ ನಾದದ ಬೆಲೆ ಗೊತ್ತಿರೋರು ನೀವೊಬ್ರೇ ಅಣ್ಣಾ!"

"ಇದರ ನಾದ ನಾನೇನ್ ಕಂಡೆನಪ್ಪ," ಎನ್ನುತ್ತ ಓಬಳಯ್ಯ ತಮಟೆಯನ್ನು ಪೆಟ್ಟಿಗೆಯ ಮೇಲೆ ಕವುಚಿಟ್ಟರು. "ಥಂಡಿಗೆ ಚರ್ಮ ಸಡಿಲಾಗಿದೆ, ಕಾಯಿಸೋಣ ಅಂದ್ರೆ ಇವ್ರು ಒಳಗೆ ಬೆಂಕಿ ಹಾಕಕ್ಕೇ ಬಿಡಲ್ಲ!"