ನೀಲಿ ರಟ್ಟಿನ ಪುಸ್ತಕ

ದೇವಿಂದ್ರ ಮತ್ತೆ ಬರೆದುಕೊಂಡ.

ಸಾಹೇಬರು ಏನೋ ತಮಾಷೆ ಮಾಡಿದ್ದರು. ಕಚೇರಿಯೆಲ್ಲ ಗೊಳ್ಳೆಂದು ನಕ್ಕಿತು. ತುಸು ತಡವಾಗಿ ಮರಿಲಿಂಗಪ್ಪನೂ ನಕ್ಕ. ಎದುರು ಮೇಜಿನ ದೇವಿಂದ್ರ ಮಾತ್ರ ಸಾಹೇಬರ ಕಡೆ ನೋಡಲೇ ಇಲ್ಲ. ಮರಿಲಿಂಗಪ್ಪನ ಬಾಯನ್ನೇ ನೋಡಿದ, ನೀಲಿ ರಟ್ಟಿನ ಪುಸ್ತಕ ತೆಗೆದು ಒಂದು ಸಾಲು ಗೀಚಿದ, ಮುಚ್ಚಿಟ್ಟ. ಮರಿಲಿಂಗಪ್ಪ ತಟ್ಟನೆ ಬಾಯಿ ಮುಚ್ಚಿಕೊಂಡ.

ನಿಜಾಮನ ಆಳ್ವಿಕೆ ಮುಗಿದು ಎರಡು ವರ್ಷವಾಗಿತ್ತು. ಸುರಪುರದಲ್ಲಿ ಯಾರು ಯಾರ ಮೇಲೆ ಅರ್ಜಿ ಗುಜರಾಯಿಸುತ್ತಾರೋ ಹೇಳುವಂತಿರಲಿಲ್ಲ. ‘ಹಳೇ ಸರ್ಕಾರದವ’ ಎಂಬ ಒಂದು ಮಾತು ಸಾಕು, ಗುಮಾಸ್ತನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಎದುರು ಮೇಜಿನ ಲಾಡ್ಲೇಸಾಬ ಹಾಗೆಯೇ ಕೆಲಸ ಕಳೆದುಕೊಂಡ. ಅವನ ಕುರ್ಚಿಗೇ ಯಾದಗಿರಿಯಿಂದ ಈ ದೇವಿಂದ್ರ ಬಂದು ಕೂತದ್ದು.

ಮರಿಲಿಂಗಪ್ಪನಿಗೂ ಮುಚ್ಚಿಡುವಂಥದ್ದು ಒಂದಿತ್ತು. ಹನ್ನೆರಡು ವರ್ಷ ಇದೇ ಮೇಜಿನಲ್ಲಿ ಕೂತು ಮುಚ್ಚಿಟ್ಟಿದ್ದ. ನಿಜ ಹೇಳಬೇಕೆಂದರೆ ಹಳೆಯ ಸರ್ಕಾರವೇ ಅವನಿಗೆ ಹಿತವಾಗಿತ್ತು. ಎಷ್ಟು ಬಗ್ಗಬೇಕು, ಎಷ್ಟು ಸಲ ಸಲಾಮು, ಯಾವ ಮಾತಿಗೆ ಯಾವ ಮಾತು, ಎಲ್ಲ ಗೊತ್ತಿದ್ದದ್ದೇ. ಧಾರವಾಡದ ಕಡೆಯಿಂದ ಬಂದ ಹೊಸ ಸಾಹೇಬರೋ ಹೆಗಲ ಮೇಲೆ ಕೈ ಹಾಕಿಬಿಡುತ್ತಿದ್ದರು.

“ಸಲಾಮು ಗಿಲಾಮು ಸಾಕ್ರೀ ಇನ್ನ. ಮನ್ಯಾಗ ಇದ್ದಂಗ ಇರ್ರಿ!”

ಮನೆಯಲ್ಲಿದ್ದಂತೆ ಇದ್ದರೆ ಅಂದೇ ಅವನ ಕಥೆ ಮುಗಿಯುತ್ತಿತ್ತು.

ಎಂಟು ದಿನ ದೇವಿಂದ್ರ ಬೆನ್ನು ಬಿಡಲಿಲ್ಲ. ಕಚೇರಿಯೊಳಗೆ ಹೋಗುವ ಮೊದಲು ಮರಿಲಿಂಗಪ್ಪ ಬೇವಿನ ಮರದಡಿ ನಿಂತು ತುಟಿ ಅಲುಗಿಸಿದರೆ, ಇವನು ಕಿಟಕಿಯಲ್ಲಿ. ರೊಟ್ಟಿಯ ಗಂಟು ಹಿಡಿದು ಒಬ್ಬನೇ ಹಳೆಯ ಕಾಗದಪತ್ರಗಳ ದಫ್ತರದ ಕೋಣೆಗೆ ಹೋದರೆ, ಇವನು ಬಾಗಿಲಲ್ಲಿ. ಕೊನೆಗೆ ಮರಿಲಿಂಗಪ್ಪ ಕೇಳಿಯೇಬಿಟ್ಟ.

“ದಿನಾ ಏನ್ ಬರೀತೀರಿ?”

ದೇವಿಂದ್ರ ಅವನ ಹಣೆಯನ್ನೇ ನೋಡುತ್ತ ನುಡಿದ. “ನಿಮ್ಮನ್ನ ನೋಡಬೇಕಂತನ, ಬಂದ ದಿನಾನ ನಿಮ್ಮ ಎದುರಿನ ಈ ಕುರ್ಚಿ ಬೇಡಿ ತಗೊಂಡೀನ್ರಿ.”

ಗಂಡನ ಗುಟ್ಟು ಹಂಪಮ್ಮನೊಬ್ಬಳಿಗೇ ಗೊತ್ತು. ರೊಟ್ಟಿ ತಟ್ಟುತ್ತ ಎಲ್ಲ ಕೇಳಿಸಿಕೊಂಡಳು. ಅವಳ ಕೈ ನಿಂತಿತು.

“ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಇಷ್ಟ ವರ್ಷ ನಡಿಸೀರಿ, ಇನ್ನೂ ನಡಿಸ್ರಿ.”

“ಸಾಕಾಗ್ಯಾದ ನನಗ,” ಎಂದ ಮರಿಲಿಂಗಪ್ಪ. ಅಳು ಬರುವಂತಾಗಿತ್ತು.

ಮರುದಿನ ಮಧ್ಯಾಹ್ನ ಸಾಹೇಬರು ದೇವಿಂದ್ರನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡರು. ಅವನ ಖಾಲಿ ಕುರ್ಚಿಯ ಮುಂದಿನ ಮೇಜಿನ ಮೇಲೆ, ಕಾಗದಗಳ ಕೆಂಪು ಗಂಟಿನಡಿ, ನೀಲಿ ರಟ್ಟು ಇಣುಕುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ಕಳ್ಳತನ ಕಳ್ಳತನವೇ, ಆದರೆ ಹೊಟ್ಟೆಯ ಪ್ರಶ್ನೆ. ಮರಿಲಿಂಗಪ್ಪ ಪುಸ್ತಕ ಎಳೆದುಕೊಂಡ.

ಮೊದಲ ಹಾಳೆಯಲ್ಲೇ ದಪ್ಪಕ್ಷರದಲ್ಲಿ ಅವನ ಹೆಸರು. ಹಾಳೆ ತಿರುವಿದ.

‘ಬಂದ ಕೂಡಲೇ ನಮಸ್ಕಾರ. ಆಮೇಲೆ ಊಟ ಆಯಿತೇ ಎಂದು ಕೇಳಬೇಕು. ಉತ್ತರಕ್ಕೆ ತಲೆ ಆಡಿಸಬೇಕು.’

‘ರೊಟ್ಟಿ ಒಬ್ಬನೇ ತಿಂದರೂ ಇಲ್ಲಿ ಯಾರೂ ಏನೂ ಅನ್ನುವುದಿಲ್ಲ.’

‘ಸಾಹೇಬರು ತಮಾಷೆ ಮಾಡಿದರೆ ಎರಡು ಎಣಿಸಿ ನಗಬೇಕು.’

ಅರ್ಜಿ ಬರೆಯುವವನು ಹೀಗೆ ಬರೆಯುತ್ತಾನೆಯೇ? ಮರಿಲಿಂಗಪ್ಪ ಗಾಬರಿಯಿಂದ ಕೊನೆಯ ಹಾಳೆಗೆ ಹೋದ.

‘ಯಾದಗಿರಿಯಲ್ಲಿ ನನ್ನನ್ನು ತಿಕ್ಕಲ ಅಂದರು. ಇಲ್ಲಿ ಅನ್ನಿಸಿಕೊಳ್ಳಬಾರದು. ಎಲ್ಲರ ಹಾಗೆ ಇರುವುದು ಹೇಗೆಂದು ನೋಡಿ ಕಲಿಯಲು ಮರಿಲಿಂಗಪ್ಪನವರಷ್ಟು ಸರಿಯಾದ ಮನುಷ್ಯ ಇನ್ನೊಬ್ಬರಿಲ್ಲ.’

ತಲೆಯೆತ್ತಿದರೆ ದೇವಿಂದ್ರ ಎದುರಿಗೇ ನಿಂತಿದ್ದ. ಮುಖ ಬಿಳಿಚಿತ್ತು. ಬೆರಳುಗಳು ಅಂಗಿಯ ಗುಂಡಿಯನ್ನು ತಿರುವುತ್ತಲೇ ಇದ್ದವು.

“ಸಾಹೇಬ್ರಿಗೆ ಹೇಳ್ತೀರೇನ್ರಿ?”

ಮರಿಲಿಂಗಪ್ಪ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದ. ಲೇಖನಿಯನ್ನು ಮಸಿಯಲ್ಲಿ ಅದ್ದಿ, ತಮಾಷೆಯ ಸಾಲು ಹುಡುಕಿ, ‘ಎರಡು’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣಗೆ ಬರೆದ:

‘ಮೂರು. ನಾನು ಹನ್ನೆರಡು ವರ್ಷದಿಂದ ಮೂರು ಎಣಿಸಿಯೇ ನಗುತ್ತಿದ್ದೇನೆ.’